ಅತ್ತೆಯ ಗುಂಡಿಗೆ ಹೊರಿಸಿದ ನಾತ

ನಿಮ್ಮ ಗೋಬರ್ ಗ್ಯಾಸ್ ಗುಂಡಿ ಸೋರುತ್ತಿರಲಿಲ್ಲ ರತ್ನಮ್ಮತ್ತೆ. ಸೋರುತ್ತಿದ್ದದ್ದು ನಮ್ಮ ಕಂಪನಿಯ ಪೈಪು — ಅದೂ ನಾನೇ ಕೈಯಾರೆ ಬಿಗಿದ ಜಾಯಿಂಟು. ಗೊತ್ತಿದ್ದೂ, ಅಪ್ಪನ ಒಡಹುಟ್ಟಿದ ತಂಗಿಗೆ ಸುಳ್ಳು ಹೇಳಿದೆ.

ತೊರಪಲ್ಲಿಯಲ್ಲಿ ನಿಮ್ಮ ಕೊಟ್ಟಿಗೆಯ ಹಿಂದೆ, ಹೊಸೂರಿನ ಕಾರ್ಖಾನೆಗಳಿಗೆ ಗ್ಯಾಸ್ ಹೋಗುವ ಲೈನಿನ ವಾಲ್ವ್ ಇದೆಯಲ್ಲ, ಅದರ ರಿಪೇರಿಗೆ ನನ್ನನ್ನೇ ಕಳಿಸಿದ್ದರು. ಜಾಯಿಂಟು ಬಿಚ್ಚಿದರೆ ಸೋರದಂತೆ ನಡುವೆ ಹೊಸ ಗ್ಯಾಸ್ಕೆಟ್ ಹಾಕಬೇಕು. ತಂದಿರಲಿಲ್ಲ. ಮತ್ತೆ ಯಾರು ಹೋಗಿಬರುತ್ತಾರೆ ಅಂತ ಹಳೆಯದನ್ನೇ ಕೂರಿಸಿ ಬಿಗಿದೆ. ಏನೂ ಆಗಲ್ಲ ಬಿಡು ಅನ್ನುವ ಕೊಬ್ಬು — ನನ್ನ ಕೈಗೆಲಸದ ಮೇಲೆ ನನಗೆ ಅಷ್ಟು ನಂಬಿಕೆ.

ವಾರದಲ್ಲೇ ನೀವು ನಾತ ಅಂದಿರಿ. ಸೋಪಿನ ನೀರು ಸುರಿದು ನೋಡಿದೆ, ಜಾಯಿಂಟಿನ ಸುತ್ತ ಗುಳ್ಳೆ ಏಳುತ್ತಿತ್ತು. ಹಿಂದೆಯೇ ಸೂಪರ್‌ವೈಸರ್ ಬರುತ್ತಿದ್ದರು. ಕೆಲಸ ಆಗಷ್ಟೇ ಖಾಯಂ ಆಗಿತ್ತು... ಬಾಯಿಂದ ಬಂದೇಬಿಟ್ಟಿತು: "ಇದು ನಿಮ್ ಗೋಬರ್ ಗ್ಯಾಸ್ ನಾತ ಕಣತ್ತೆ. ಗುಂಡಿ ಹಳೇದಾಗೈತೆ, ಮುಚ್ಚಿಸ್ಬುಡಿ."

"ಗ್ಯಾಸ್ ಕೆಲ್ಸದೋನು ನೀನೇ ಹೇಳ್ದ ಮೇಲೆ ಇನ್ನೇನಪ್ಪ," ಅಂದಿರಿ. ಸೂಪರ್‌ವೈಸರೂ ಅದನ್ನೇ ನಂಬಿ ಜೀಪು ಹತ್ತಿದರು.

ಆಯುಧಪೂಜೆಗೆ ಕಾರ್ಖಾನೆಗಳೆಲ್ಲ ರಜೆ, ಲೈನು ನಿಂತಿತ್ತು. ವಾಲ್ವಿಗೆ ಕುಂಕುಮ ಇಡುವ ನೆಪದಲ್ಲಿ ಬಂದು ಗ್ಯಾಸ್ಕೆಟ್ ಬದಲಿಸಿದೆ. ನಾತ ನಿಂತಿತು. ಅಷ್ಟರಲ್ಲಿ ನೀವು ಗುಂಡಿಗೆ ಮಣ್ಣು ತುಂಬಿಸಿದ್ದಿರಿ. "ನಮ್ಮಣ್ಣನ ಮಗ ಹೇಳಿದ್ದು ಸುಳ್ಳಾಗ್ಲಿಲ್ಲ" ಅಂತ ಬೀದಿಯೆಲ್ಲ ಹೊಗಳಿದಿರಿ. ಕೇಳಿದವರು ತಮ್ಮ ಗುಂಡಿಗಳನ್ನೂ ಮುಚ್ಚಿಸಿದರು. ಆಗಲಾದರೂ ಹೇಳಬಹುದಿತ್ತು — ಆದರೆ ಆ ಹೊಗಳಿಕೆ ಎಷ್ಟು ಹಿತವಾಗಿತ್ತು ಗೊತ್ತಾ?

ಈಗ ಕಂಪನಿಯಲ್ಲಿ ಪೈಪಿನ ಮೀಥೇನ್ ಸೋರಿಕೆ ಹಿಡಿಯುವ ತಂಡಕ್ಕೆ ನಾನೇ ಹಿರಿಯ. ಮೀಟರ್ ಹಿಡಿದು ಹೊರಟರೆ ನನ್ನ ಕಣ್ಣು ತಪ್ಪಿಸುವ ಜಾಯಿಂಟಿಲ್ಲ — ಜಂಬವಲ್ಲ, ನಿಜ. ಈ ಗ್ಯಾಸ್ ಗಾಳಿಗೆ ಸೇರಿದರೆ ಭೂಮಿಯೇ ಬಿಸಿಯಾಗುತ್ತದೆ ಎಂದು ಹೊಸಬರಿಗೆ ಪಾಠ ಬೇರೆ ಹೇಳುತ್ತೇನೆ. ನಿಮ್ಮ ಒಲೆಯಲ್ಲಿ ಉರಿದು ಮುದ್ದೆ ಬೇಯಿಸುತ್ತಿದ್ದದ್ದೂ ಅದೇ ಮೀಥೇನ್. ಈಗದು ಸಗಣಿ ಸುರಿಯುವ ತಿಪ್ಪೆಯಿಂದ ಸುಮ್ಮನೆ ಗಾಳಿಗೆ ಹೋಗುತ್ತಿದೆ, ನೀವು ಸೌದೆ ಊದುತ್ತಾ ಕೆಮ್ಮುತ್ತೀರಿ. ನನ್ನ ಜಾಣತನಕ್ಕಿಷ್ಟು ಬೆಂಕಿ ಹಾಕ!

ಕಂಪನಿಯಲ್ಲಿ ಇವತ್ತು ನಿಜ ಹೇಳಿದ್ದಾಯಿತು. ಕೆಲಸ ಏನಾಗುತ್ತದೋ ಆಗಲಿ. ಭಾನುವಾರ ಬರುತ್ತೇನೆ, ಬೀದಿಯವರೆಲ್ಲ ಇರುವಾಗಲೇ ಹೇಳುತ್ತೇನೆ. ಬೈಯಿರಿ, ಬಾಗಿಲು ಹಾಕಿಕೊಳ್ಳಿ — ಗುಂಡಿಯನ್ನಂತೂ ನಾನೇ ತೋಡಿ, ಮೇಲೆ ಗ್ಯಾಸ್ ಹಿಡಿಯುವ ಡ್ರಮ್ಮು ಕೂರಿಸಿ, ಒಲೆಯವರೆಗೆ ಪೈಪು ಎಳೆದೇ ಹೋಗುತ್ತೇನೆ. ಆ ಕೆಲಸ ನನಗೆ ಚೆನ್ನಾಗಿ ಬರುತ್ತದೆ. ಎಲ್ಲ ಮುಗಿದ ಮೇಲೆ, ಎಲ್ಲೂ ಸೋರುತ್ತಿಲ್ಲ ಅಂತ ನಾನು ಹೇಳಿದರೆ ಮಾತ್ರ ನಂಬಬೇಡಿ ಅತ್ತೆ. ಬೇರೆ ಯಾರನ್ನಾದರೂ ಕರೆಸಿ ನೋಡಿಸಿ.