ಬೇಲಿ ದಾಟದ ನೀರು

ನೂಲು ತೊಳೆದ ನೀರನ್ನು ಬೊಗಸೆಯಲ್ಲಿ ಎತ್ತಿ ಮೂಸುವಾಗ ಅಕ್ಕನ ಮೂಗುತಿ ನೀರಿಗೆ ತಾಗುತ್ತಿತ್ತು. ಸೋಪಿನ ವಾಸನೆ ಉಳಿದಿದ್ದರೆ ಮುಖ ಸಿಂಡರಿಸಿ ಚೆಲ್ಲುವರು. ಇಲ್ಲದಿದ್ದರೆ "ಇದು ಇನ್ನೊಂದ್ ಸಲಕ್ಕೆ ಆಗ್ತೈತೆ" ಎಂದು ಸೆರಗಿಗೆ ಕೈ ಒರೆಸಿಕೊಳ್ಳುವರು. ಮೊಳಕಾಲ್ಮೂರಿನಲ್ಲಿ ರೇಷ್ಮೆ ನೂಲಿಗೆ ಬಣ್ಣ ಹಾಕುವ ಕಾರ್ಖಾನೆ ಅವರದು. ಗಂಡ ತೀರಿಕೊಂಡ ಮೇಲೆ ಒಬ್ಬರೇ ನಡೆಸುತ್ತಿದ್ದರು. ಕೆಲಸದವರೆಲ್ಲ ಅಕ್ಕ ಎನ್ನುತ್ತಿದ್ದೆವು.

ಮೊದಲು ಅಲ್ಲಿ ತೊಳೆದ ನೀರೆಲ್ಲ ಚರಂಡಿಗೆ ಹೋಗುತ್ತಿತ್ತಂತೆ. ಅಕ್ಕ ಅದನ್ನು ನಿಲ್ಲಿಸಿದರು. ಕೊನೆಯಲ್ಲಿ ನೂಲು ಜಾಲಾಡಿದ ನೀರನ್ನು ಹಿಡಿದಿಟ್ಟು ಮರುದಿನ ಮೊದಲ ತೊಳೆತಕ್ಕೆ ಬಳಸುವುದು ಶುರುವಾಯಿತು. ಬಣ್ಣದ ನೀರು ನೆಲಕ್ಕೆ ಇಂಗದಂತೆ ಕಪ್ಪು ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡ ಬಂತು; ಬಿಸಿಲಿಗೆ ಅದು ಅಲ್ಲೇ ಆರಬೇಕು. ಒಲೆಗೆ ಸೌದೆಯ ಬದಲು ಚಳ್ಳಕೆರೆಯ ಎಣ್ಣೆ ಮಿಲ್ಲಿನಿಂದ ಶೇಂಗಾ ಸಿಪ್ಪೆ. ಬಿ.ಎಸ್ಸಿ. ಮುಗಿಸಿ ಸೇರಿದ ನನಗೆ ಇದನ್ನೆಲ್ಲ ಕೈ ಹಿಡಿದು ಕಲಿಸಿ, ಹೊಂಡದ ಉಸ್ತುವಾರಿಯನ್ನೇ ಒಪ್ಪಿಸಿದರು.

"ಈ ಬೇಲಿ ದಾಟಿ ಒಂದ್ ತೊಟ್ಟು ಬಣ್ಣದ ನೀರು ಹೋಗ್ಬಾರ್ದು ಕಣೇ."

ನನಗೆ ಜ್ವರ ಬಂದಾಗ ಮನೆಗೆ ಗಂಜಿ ಕಳಿಸಿದವರು. ನನ್ನ ಮದುವೆ ಸೀರೆಯ ನೂಲಿಗೆ ತಾವೇ ನಿಂತು ಬಣ್ಣ ಹಾಕಿದವರು. ಕಾಲೇಜಿನವರು ಕಾರ್ಖಾನೆ ನೋಡಲು ಬಂದರೆ "ನನ್ನಲ್ಲ, ಈ ಹುಡುಗೀನ ಕೇಳ್ರಿ" ಎಂದು ಮುಂದೆ ತಳ್ಳುತ್ತಿದ್ದರು. ನಾನು ಉಬ್ಬಿಹೋಗುತ್ತಿದ್ದೆ.

ಕಾರ್ಖಾನೆಯ ಹಿಂದೆಯೇ ನನ್ನ ಚಿಕ್ಕಮ್ಮನ ಹೊಲ. ಒಂದು ಬೆಳಿಗ್ಗೆ ಅವಳು ತುಂಬಿದ ಕೊಡ ಹೊತ್ತು ಗೇಟಿಗೆ ಬಂದಳು. ಹಿಂದೆ ಅಕ್ಕಪಕ್ಕದ ಹೊಲದವರೂ ಇದ್ದರು. ಕೊಡದ ನೀರು ತೆಳು ಗುಲಾಬಿ.

"ನಮ್ ಬೋರ್‌ನಾಗೆ ಹಿಂಗ್ ಬರ್ತೈತೆ. ನಿಮ್ದೇ ಇರ್ಬೇಕು."

"ನಮ್ದಲ್ಲ ಚಿಕ್ಕಮ್ಮ. ಹೊಂಡ ನಾನೇ ನೋಡ್ಕಂತೀನಿ. ದೇವ್ರಾಣೆ" ಎಂದೆ. ಅಕ್ಕ ನನ್ನ ಪಕ್ಕದಲ್ಲೇ ನಿಂತಿದ್ದರು. ಜನ ಗೊಣಗುತ್ತಲೇ ಚದುರಿದರು.

ಹಾಳೆ ಎಲ್ಲಾದರೂ ಹರಿದಿದೆಯೇನೋ, ಅಕ್ಕನಿಗೆ ಕೆಟ್ಟ ಹೆಸರು ಬಾರದಿರಲಿ ಎಂದು ಅಂದೇ ಹುಡುಕಲು ಹೊರಟೆ. ಹೊಂಡ ಸರಿಯಾಗಿಯೇ ಇತ್ತು. ಆದರೆ ಅದರ ಅಂಚಿನಲ್ಲಿ, ಹಾಳೆಯ ಮಡಿಕೆಯ ಕೆಳಗಿಂದ ಹೊರಟ, ನಾನೆಂದೂ ಕಾಣದ ಪೈಪೊಂದು ಶೇಂಗಾ ಸಿಪ್ಪೆಯ ರಾಶಿಯ ಅಡಿ ಹಾದು, ಹಿತ್ತಲಿನ ಬತ್ತಿದ ಬೋರಿನ ಬಾಯೊಳಗೆ ಇಳಿದಿತ್ತು.

ಕೇಳಿದಾಗ ಅಕ್ಕ ಮುಚ್ಚಿಡಲಿಲ್ಲ. "ಸೀಜನ್‌ನಾಗೆ ಹೊಂಡ ಸಾಲಲ್ಲ ಕಣೇ. ಕೆಲ್ಸ ನಿಲ್ಸಿದ್ರೆ ಎಲ್ಲರ ಹೊಟ್ಟೆಗೇನು? ಬತ್ತಿದ ಬೋರು, ಯಾರಿಗೇನಾಗ್ತೈತೆ ಅಂದ್ಕಂಡೆ."

"ನಾನು ಆಣೆ ಇಡುವಾಗ ಪಕ್ಕದಾಗೇ ಇದ್ರಲ್ಲಕ್ಕಾ?"

ಅವರು ನನ್ನ ಮುಖ ನೋಡಲಿಲ್ಲ. "ನಿನ್ ಮಾತು ಜನ ನಂಬ್ತಾರೆ. ಅದ್ಕೇ ನಿನ್ನ ಆ ಕೆಲ್ಸಕ್ಕೆ ಹಾಕಿದ್ದು."

ನನ್ನ ಕೆಲಸ ಮೆಚ್ಚಿಕೊಂಡಿದ್ದಾರೆ ಎಂದುಕೊಂಡಿದ್ದೆ. ಅವರಿಗೆ ಬೇಕಾಗಿದ್ದದ್ದು ನನ್ನ ನಾಲಿಗೆ. ಆ ಸಂಜೆಯೇ ಚಿಕ್ಕಮ್ಮನಿಗೆ ಹೇಳಿದೆ, ಪಂಚಾಯಿತಿಯವರನ್ನು ಕರೆತಂದು ಪೈಪು ತೋರಿಸಿದೆ. ಆ ಬೋರಿನ ಬಾಯಿ ಮುಚ್ಚಿಸಿದರು. ಚಿಕ್ಕಮ್ಮನ ಬೋರಿನ ನೀರನ್ನು ಮಾತ್ರ ಇಂದಿಗೂ ದನ ಮೂಸುವುದಿಲ್ಲ.

ಈಗ ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನಲ್ಲಿ ನೀರು ಉಳಿಸುವ ಕೆಲಸವೇ ನನ್ನದು. ಅಲ್ಲಿ ನಾನು ಮಾಡಿಸಿದ ಒಂದೊಂದು ತೊಟ್ಟಿಯೂ ಅಕ್ಕ ಕಲಿಸಿದ್ದೇ.

ಹೋದ ವರ್ಷ ಅವರು ತೀರಿಕೊಂಡರು. ಹೋದೆ. ಅಕ್ಕನ ಮಗಳು ನನ್ನ ಕೈ ಹಿಡಿದು, "ಅವ್ವ ಕೊನೇವರೆಗೂ ನಿಮ್ ಹೆಸ್ರೇ ಹೇಳ್ತಿದ್ಲು. ನಿಮ್ಮಂಗೆ ಯಾರೂ ಸಿಗ್ಲಿಲ್ಲ ಅಂತ" ಎಂದು ಅತ್ತಳು. ಆ ಮಾತನ್ನು ಹೇಗೆ ತಗೊಳ್ಳಬೇಕೋ ತಿಳಿಯಲಿಲ್ಲ. ಎಲ್ಲರೂ ಸಾಲಾಗಿ ಬಂದು ಅವರ ಕಾಲು ಮುಟ್ಟುತ್ತಿದ್ದರು. ನನ್ನ ಸರದಿ ಬಂದಾಗ, ಕಲಿಸಿದ್ದಕ್ಕೆ ಕೈ ಮುಗಿದೆ. ಬಗ್ಗಲು ಆಗಲಿಲ್ಲ.