ಝೀಟಾಬಾಯಿಯ ಗಂಜಿತಿಳಿ

ಕಾಪು ಸಮೀಪದ ಶಂಕರಪುರದಲ್ಲಿ ಒಲಿಂಡಾ ಕಟ್ಟಿದ ಮಲ್ಲಿಗೆಯನ್ನು ದೂರದಿಂದಲೇ ಗುರುತು ಹಿಡಿಯಬಹುದಿತ್ತು. ಬಾಳೆನಾರಿನಲ್ಲಿ ಮೊಗ್ಗುಗಳು ಒತ್ತೊತ್ತಾಗಿ ಕೂತಿರುತ್ತಿದ್ದವು. ಎಂಬತ್ತರ ದಶಕದ ಆರಂಭದಲ್ಲಿ ಆ ಕಟ್ಟು ಸಡಿಲವಾಗತೊಡಗಿತು. ಅವಳ ಬೆರಳುಗಳು ದಪ್ಪವಾಗಿದ್ದವು, ದವಡೆ ಮುಂದೆ ಬಂದಿತ್ತು.

“ಎಂತ ಒಲಿಂಡಾ, ಗಂಡನ ಚಪ್ಪಲಿ ಹಾಕಿಕೊಂಡು ಬಂದದ್ದಾ?” ಎಂದು ನೆರೆಮನೆಯ ಕುಶಲಾ ನಕ್ಕಳು.

“ಅವರದ್ದೂ ಈಗ ನನಗೆ ಸಣ್ಣದಾಗ್ತದೆ ಮಾರಾಯ್ತಿ.”

ಜೊತೆಗೆ ತಲೆ ಸಿಡಿಯುವಂಥ ನೋವು. ಅದು ಉಷ್ಣ ಎಂದು ತೀರ್ಮಾನಿಸಿದ ಅತ್ತೆ ಝೀಟಾಬಾಯಿ, ಗಂಜಿತಿಳಿಗೆ ಧಾರಾಳ ಉಪ್ಪು ಹಾಕಿ ಕುಡಿಸುತ್ತಿದ್ದರು.

ಒಂದು ಭಾನುವಾರ ಇಗರ್ಜಿಯಲ್ಲಿ ಮೊಣಕಾಲೂರಿದ್ದಾಗ ಒಲಿಂಡಾಳಿಗೆ ಕಣ್ಣು ಕತ್ತಲಿಟ್ಟಿತು. ಗಂಡ ಲಿಗೋರಿ ಅವಳನ್ನು ಮಣಿಪಾಲಕ್ಕೆ ಕರೆದೊಯ್ದ.

ಮೆದುಳಿನ ಬುಡದ ಪುಟ್ಟ ಗ್ರಂಥಿಯಲ್ಲಿ ಗಡ್ಡೆ ಬೆಳೆದಿದೆ ಎಂದರು ಡಾಕ್ಟರು. ದೇಹ ಬೆಳೆಸುವ ಹಾರ್ಮೋನು ಅಲ್ಲಿಂದ ಮಿತಿಮೀರಿ ಹರಿಯುತ್ತಿತ್ತು. ಅದರಿಂದಲೇ ಈ ದಪ್ಪ ಕೈಕಾಲು, ಈ ಏರಿದ ರಕ್ತದೊತ್ತಡ. ಒತ್ತಡ ಆಗಲೇ ಮೂತ್ರಪಿಂಡಗಳನ್ನು ಕೆಡಿಸತೊಡಗಿತ್ತು.

“ಮೂಗಿನ ದಾರಿಯಿಂದ ಆಪರೇಶನ್ ಮಾಡಬಹುದು. ಆದರೆ ಮೊದಲು ಪ್ರೆಶರ್ ಇಳಿಯಬೇಕು. ತಡವಾದರೆ ಮೂತ್ರಪಿಂಡ ಉಳಿಯುವುದಿಲ್ಲ. ಊಟಕ್ಕೆ ಉಪ್ಪು ಬೇಡ.”

ಒಲಿಂಡಾ ಆಸ್ಪತ್ರೆಯಲ್ಲೇ ಉಳಿದು ಸಪ್ಪೆ ಅನ್ನ ಉಂಡಳು, ಮಾತ್ರೆ ನುಂಗಿದಳು. ಪ್ರೆಶರ್ ಇಳಿಯಲೇ ಇಲ್ಲ. ಮಾತ್ರೆ ಬದಲಾಯಿಸಿದರೂ ಇಳಿಯಲಿಲ್ಲ. ಆಪರೇಶನ್ ಮುಂದಕ್ಕೆ ಹೋಗುತ್ತಲೇ ಇತ್ತು.

ಒಂದು ಬೆಳಿಗ್ಗೆ ಡಾಕ್ಟರು ಬಂದಾಗ ಝೀಟಾಬಾಯಿ ಫ್ಲಾಸ್ಕಿನಿಂದ ಲೋಟಕ್ಕೆ ಏನನ್ನೋ ಬಗ್ಗಿಸುತ್ತಿದ್ದರು.

“ಅದೆಂತ ಅಮ್ಮ?”

“ಗಂಜಿತಿಳಿ ಡಾಕ್ಟ್ರೇ. ಉಷ್ಣಕ್ಕೆ.”

“ಉಪ್ಪು ಉಂಟಾ?”

“ಉಪ್ಪಿಲ್ಲದೆ ಕುಡಿಯುವುದು ಹೇಗೆ? ನೀವು ಊಟಕ್ಕೆ ಬೇಡ ಅಂದದ್ದಲ್ವಾ? ಇದು ಮದ್ದು.”

ಡಾಕ್ಟರು ಬೈಯಲಿಲ್ಲ. ಇದರಿಂದಲೇ ಪ್ರೆಶರ್ ಇಳಿಯದೆ ಉಳಿದಿದೆ ಎಂದಷ್ಟೇ ಹೇಳಿದರು. ಒಲಿಂಡಾ ಅತ್ತೆಯ ಕೈಯಿಂದ ಲೋಟ ತೆಗೆದು ಕೆಳಗಿಟ್ಟಳು.

“ಮಾಯ್, ನಾಳೆ ಬರುವಾಗ ಸ್ವಲ್ಪ ಮೊಗ್ಗು, ಬಾಳೆನಾರು ತನ್ನಿ. ಸುಮ್ಮನೆ ಕೂತು ಬೇಜಾರು.”

ಆಮೇಲೆ ಪ್ರೆಶರ್ ಮೆಲ್ಲಗೆ ಇಳಿಯಿತು, ಆಪರೇಶನ್ ಆಯಿತು. ಬೆರಳುಗಳ ಬಾವು ಇಳಿದು ಕಟ್ಟು ಮತ್ತೆ ಬಿಗಿಯಾಯಿತು. ಮುಂದೆ ಬಂದಿದ್ದ ದವಡೆ ಹಾಗೆಯೇ ಉಳಿಯಿತು. ಮೂತ್ರಪಿಂಡಗಳಲ್ಲಿ ಕೆಟ್ಟ ಭಾಗ ಸರಿಯಾಗಲಿಲ್ಲ. ಉಳಿದದ್ದನ್ನು ಜೋಪಾನ ಮಾಡಬೇಕಿತ್ತು.

ಅವಳು ಮನೆಗೆ ಬಂದ ದಿನ ಝೀಟಾಬಾಯಿ ಗಂಜಿತಿಳಿ ತಂದರು. ಮೊದಲು ತಾವೇ ಒಂದು ಗುಟುಕು ಕುಡಿದು ಮುಖ ಕಿವಿಚಿದರು.

“ದೇವರೇ, ಇದನ್ನು ಮನುಷ್ಯರು ಕುಡೀತಾರಾ!” ಎಂದು ಶಿಲುಬೆಯ ಗುರುತು ಮಾಡಿ, ಲೋಟವನ್ನು ಸೊಸೆಯ ಕೈಗೆ ಕೊಟ್ಟರು.