ತುಂಬದ ಗುಂಡಿ

ಹದಿನಾಲ್ಕು ವರ್ಷ ನಮ್ಮ ಪಾಯಖಾನೆಯ ಇಂಗುಗುಂಡಿ ಒಮ್ಮೆಯೂ ತುಂಬಲಿಲ್ಲ. ಬೀದರಿನ ಮೈಲೂರಿನಲ್ಲಿರುವ ನಮ್ಮ ಓಣಿಯಲ್ಲಿ ಯಾರದಾದರೂ ಮನೆ ಮುಂದೆ ಟ್ಯಾಂಕು ಹೀರುವ ಲಾರಿ ಬಂದು ನಿಂತರೆ ನಾನು ಬೇಕೆಂದೇ ಗೇಟಿಗೆ ಬರುತ್ತಿದ್ದೆ. "ನಮ್ಮ ಮನಿಗಿ ಈ ಲಾರಿ ಒಮ್ಮಿನೂ ಬಂದಿಲ್ರಿ" ಎಂದು ಕೇಳದವರಿಗೂ ಹೇಳುತ್ತಿದ್ದೆ. ಮೂವತ್ತು ವರ್ಷ ಮೇಷ್ಟ್ರಾಗಿದ್ದವನಿಗೆ ಜಂಬ ಕೊಚ್ಚಿಕೊಳ್ಳಲು ಬೇರೇನೂ ಸಿಕ್ಕಿರಲಿಲ್ಲ.

ಆ ಗುಂಡಿ ತೋಡಿಸಿದ್ದು ಅವ್ವನಿಗಾಗಿ. ಮೊಣಕಾಲು ಹೋಗಿ ಹಾಸಿಗೆ ಹಿಡಿದಿದ್ದಳು, ಮನೆಯೊಳಗೇ ಪಾಯಖಾನೆ ಬೇಕಾಗಿತ್ತು. ನಮ್ಮಲ್ಲಿ ನೆಲದಡಿ ಎಲ್ಲ ಕೆಂಪುಕಲ್ಲು. ಆಳುಗಳು ಆಳುದ್ದ ಅಗೆದಾಗ ಕಲ್ಲಿನಲ್ಲಿ ಕೈ ತೂರುವಷ್ಟು ದೊಡ್ಡ ಬಿರುಕು ಸಿಕ್ಕಿತು. ಒಂದು ಕೊಡ ನೀರು ಸುರಿದರೆ ಗಟಗಟ ಕುಡಿದುಬಿಟ್ಟಿತು. "ನಸೀಬ ಛಲೋ ಅದರಿ ಸರ್, ಈ ಗುಂಡಿ ಜನ್ಮದಾಗ ತುಂಬಲ್ಲ" ಎಂದರು. ಇಂಥ ಬಿರುಕು ಸಿಕ್ಕರೆ ನಮ್ಮ ಕಡೆ ಎಲ್ಲರೂ ಖುಷಿಪಡುತ್ತಾರೆ. ನಾನಂತೂ ಪೇಡೆ ತರಿಸಿ ಹಂಚಿದೆ.

ಮೊದಲ ಪೇಡೆ ಕೊಟ್ಟದ್ದು ಪಕ್ಕದ ಮನೆಯ, ಓಣಿಗೆಲ್ಲ ಚಿಕ್ಕಮ್ಮನಂತಿದ್ದ ಖಾಲಾಗೆ. ಗಂಡ ತೀರಿದ ಮೇಲೆ ಬಟ್ಟೆ ಹೊಲಿದು ಮಗಳನ್ನು ಬೆಳೆಸಿ ಭಾಲ್ಕಿಗೆ ಕೊಟ್ಟವರು ಅವರು. ನಮ್ಮ ಮನೆಯ ಗೋಡೆ ಎದ್ದದ್ದೇ ಅವರ ಬಾವಿಯ ನೀರಿನಲ್ಲಿ. ಅಂದು ಆಳುಗಳಿಗೆ ಕುಡಿಯಲು ಸೇದಿ ಕೊಟ್ಟವರೂ ಅವರೇ. ಪ್ರತಿ ರಮ್ಜಾನಿಗೆ ಗೋಡೆಯ ಮೇಲಿಂದ ಶರಬತ್ತಿನ ಜಗ್ಗು ಬರುತ್ತಿತ್ತು. ಕುಡಿದ ಮೇಲೆ ನಾನು ಹೇಳುವ ಮಾತೂ ಪ್ರತಿ ವರ್ಷ ಅದೇ: "ಖಾಲಾ, ನಿಮ್ಮ ಬಾವಿ ನೀರಿನ ರುಚಿನೇ ಬ್ಯಾರೆ." ಅವರು ನಕ್ಕು ಜಗ್ಗು ವಾಪಸು ಇಸಿದುಕೊಳ್ಳುತ್ತಿದ್ದರು.

ಹೋದ ಬೇಸಿಗೆಯಲ್ಲಿ ಅವರು ಓಣಿಯ ಮೂಲೆಯ ನಳದ ಹತ್ತಿರ, ತುಂಬಿದ ಕೊಡದ ಸಮೇತ ಜಾರಿ ಬಿದ್ದರು. ಸೊಂಟದ ಎಲುಬು ಮುರಿಯಿತು. ಎತ್ತಿ ಆಟೋದಲ್ಲಿ ಕೂರಿಸಿದವನು ನಾನೇ. ಕೂರಿಸುವಾಗ ಗದರಿದವನೂ ನಾನೇ: "ಮನ್ಯಾಗ ಬಾವಿ ಇಟ್ಕೊಂಡು ಈ ನಳಕ್ಕ ಯಾಕ ಬರ್ತೀರಿ ಖಾಲಾ?" ಆ ನೋವಿನಲ್ಲೂ ಅವರು, "ಸೇದ್ಲಿಕ್ಕಿ ರಟ್ಟ್ಯಾಗ ಬಲ ಇಲ್ಲ ಬೇಟಾ" ಎಂದರು. ಸೇದಲು ಬಲವಿಲ್ಲದವರು ಅಷ್ಟು ದೂರದಿಂದ ಕೊಡ ಹೇಗೆ ಹೊರುತ್ತಿದ್ದರು ಎಂದು ನನ್ನ ತಲೆಗೆ ಹೊಳೆಯಲೇ ಇಲ್ಲ. ಮಗಳು ಬಂದು ಭಾಲ್ಕಿಗೆ ಕರೆದೊಯ್ದಳು. ಮನೆಯ ಕೀಲಿ ನನ್ನ ಹೆಂಡತಿಯ ಕೈಗೆ ಬಂತು.

ಈ ಮಳೆಗಾಲದಲ್ಲಿ ನಮ್ಮ ಪಾಯಖಾನೆ ಗುಳುಗುಳು ಎನ್ನತೊಡಗಿತು. ನೀರು ಇಳಿಯುತ್ತಿರಲಿಲ್ಲ, ಅಂಗಳವೆಲ್ಲ ನಾತ. ಚಿಂತಾಕಿಯಿಂದ ಬಂದು ಇಲ್ಲಿ ಕಟ್ಟಡ ಕೆಲಸ ಮಾಡಿಕೊಂಡಿರುವ ಗೌಂಡಿಯನ್ನು ಕರೆಸಿದೆ. ಟ್ಯಾಂಕಿನಿಂದ ಗುಂಡಿಗೆ ಹೋಗುವ ಪೈಪಿನಲ್ಲಿ ಬೇರು ಹೊಕ್ಕಿತ್ತು. ಅರ್ಧ ತಾಸಿನಲ್ಲಿ ತೆಗೆದ. ಅಷ್ಟಕ್ಕೇ ಬಿಟ್ಟಿದ್ದರೆ ನಾನು ಇಂದಿಗೂ ಜಂಬದಲ್ಲೇ ಇರುತ್ತಿದ್ದೆ. ಆದರೆ ಅವನು ಗುಂಡಿಯ ಕಲ್ಲು ಸರಿಸಿ ಹತ್ತು ಬಕೆಟ್ ನೀರು ಹಾಕಿಸಿದ. ಬಗ್ಗಿ ನೋಡಿದ. ಒಂದು ಹನಿಯೂ ನಿಂತಿರಲಿಲ್ಲ.

"ಸನೇದಾಗ ಬಾವಿ ಅದ ಏನ್ರಿ ಸರ್?" ಎಂದು ಕೇಳಿದ.

ಹೋಳಿ ಹಬ್ಬಕ್ಕೆ ತಂದು ಉಳಿದಿದ್ದ ನೀಲಿ ಬಣ್ಣವನ್ನು ಕಲಸಿ ಗುಂಡಿಗೆ ಸುರಿದೆವು. ಮೂರನೇ ದಿನ ಹೆಂಡತಿ ಕೀಲಿ ತೆಗೆದಳು, ಗೌಂಡಿ ಖಾಲಾನ ಬಾವಿಗೆ ಕೊಡ ಬಿಟ್ಟ. ಮೇಲೆ ಬಂದ ನೀರು ನೀಲಿಯಾಗಿತ್ತು. ಹೆಂಡತಿ ಬಾವಿಕಟ್ಟೆಯ ಮೇಲೆ ಕೂತು ಅತ್ತಳು. ನನಗೆ ನಾಚಿಕೆಗೆ ಅಳುವೂ ಬರಲಿಲ್ಲ.

ಆ ಗುಂಡಿಯನ್ನು ಕಾಂಕ್ರೀಟು ಹಾಕಿ ಮುಚ್ಚಿಸಿ, ಎಲ್ಲ ಹೊಲಸೂ ಹೊಸ ಟ್ಯಾಂಕಿಗೇ ಬೀಳುವಂತೆ ಮಾಡಿಸಿದೆ. ಈಗ ಲಾರಿ ನಮ್ಮ ಗೇಟಿಗೂ ಬರುತ್ತದೆ. ಬಾವಿ ತಿಳಿಯಾಗಲು ಎಷ್ಟು ಮಳೆ ಬೇಕೋ ಗೌಂಡಿಗೂ ಗೊತ್ತಿಲ್ಲ.

ಆಮೇಲೆ ಗಂಡ ಹೆಂಡತಿ ಭಾಲ್ಕಿಯ ಬಸ್ಸು ಹತ್ತಿದೆವು. ಖಾಲಾ ಕಿಟಕಿ ಪಕ್ಕದ ಮಂಚದಲ್ಲಿ ದಿಂಬಿಗೆ ಒರಗಿ ಮಲಗಿದ್ದರು. ಮತ್ತೆ ನಡೆಯುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆಂದು ಮಗಳು ಬಾಗಿಲಲ್ಲೇ ತಿಳಿಸಿದಳು. ನಾನು ಬಣ್ಣ ಹಾಕಿದ್ದು, ನೀಲಿ ನೀರು ಬಂದದ್ದು ಎಲ್ಲ ಒದರಿಬಿಟ್ಟೆ.

"ಅದಕ್ಕ ಬಣ್ಣ ಯಾಕ ಬೇಕಿತ್ತು? ನಂಗ ಮೂಗ ಇತ್ತಲ್ಲ" ಎಂದರು ಖಾಲಾ. "ಗುಂಡಿ ಆದ ಮರುವರ್ಷನೇ ಗೊತ್ತಾಗಿತ್ತು."

"ಹೇಳಬಾರದಿತ್ತೇನ್ರಿ?"

"ಹೇಳಿದ್ರ ನೀ ಬಂದ್ ಮಾಡ್ತಿದ್ದಿ. ನಿಮ್ಮ ಅವ್ವ ಎಲ್ಲಿಗಿ ಹೋಗಬೇಕಿತ್ತು, ಆ ಕಾಲ ತಗೊಂಡು?"

ಅವ್ವ ಹೋಗಿ ಒಂಬತ್ತು ವರ್ಷವಾಯಿತಲ್ಲ, ಆಮೇಲಾದರೂ ಹೇಳಬಹುದಿತ್ತಲ್ಲ ಎಂದೆ. "ಆಮ್ಯಾಲ ನಳಕ್ಕ ಹೋಗೋದು ರೂಢಿ ಆಗಿತ್ತು" ಎಂದು ಮುಖ ತಿರುಗಿಸಿದರು.

ಮಗಳು ಎರಡು ಗ್ಲಾಸು ಶರಬತ್ತು ತಂದಿಟ್ಟಳು. ಅದೇ ಕೆಂಪು ಬಣ್ಣ, ಅದೇ ಸಬ್ಜಾ ಬೀಜ. ಅಷ್ಟೂ ವರ್ಷದ ಜಗ್ಗುಗಳ ನೀರು ಎಲ್ಲಿಂದ ಹೊತ್ತು ತಂದದ್ದು ಎಂದು ನನಗೆ ಅರ್ಥವಾದದ್ದು ಆಗ. ಕುಡಿದು ಗ್ಲಾಸು ಕೆಳಗಿಟ್ಟೆ. ಖಾಲಾ ನನ್ನನ್ನೇ ನೋಡುತ್ತಿದ್ದರು.

"ಯಾಕ ಬೇಟಾ, ಇವತ್ತ ನೀರಿನ ರುಚಿ ಹೇಳಲಿಲ್ಲ?"